ಸ್ಪ್ಯಾನರ್ ಹಿಡಿಯದ ಕೈಗಳು

ಸೈಕಲಿನ ಚೈನು ಕಳಚಿದರೆ ಹಾಕಲು ಬಾರದ, ನಲ್ಲಿಯ ವಾಷರ್ ಬದಲಿಸಲು ಬಾರದ, ಅಂಗಿಯ ಗುಂಡಿ ಹೊಲಿಯಲೂ ಬಾರದ ಪದವೀಧರರನ್ನು ನಾವು ತಯಾರಿಸುತ್ತಿದ್ದೇವೆಯೇ? ಬಸವನಗುಡಿ, ಮಲ್ಲೇಶ್ವರಂಗಳ ಹಿರಿಯರು ಹೌದೆನ್ನುತ್ತಾರೆ. ತಪ್ಪನ್ನು ಮೊಬೈಲಿನ ಮೇಲೆ ಹೊರಿಸುತ್ತಾರೆ. ಅಷ್ಟಕ್ಕೂ, ಈ ಮಕ್ಕಳಿಗೆ ಕೈಕೆಲಸ ಕಲಿಸಬೇಕಾಗಿದ್ದವರು ಯಾರು?

ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯ, ಚಾಮರಾಜಪೇಟೆಗಳ ಗ್ಯಾರೇಜುಗಳಿಗೆ ಒಂದು ಕಾಲದಲ್ಲಿ ಹತ್ತು-ಹನ್ನೆರಡರ ಪ್ರಾಯದ ಹುಡುಗರು ಬರುತ್ತಿದ್ದರು. ಉಸ್ತಾದರಿಗೆ ಚಹಾ ತರುವುದು, ಸ್ಪ್ಯಾನರ್ ಎತ್ತಿಕೊಡುವುದು, ಬೈಗುಳ ತಿನ್ನುವುದು. ಮೀಸೆ ಚಿಗುರುವಷ್ಟರಲ್ಲಿ ಇಂಜಿನ್ನಿನ ಸದ್ದು ಕೇಳಿಯೇ ದೋಷ ಹೇಳುವಷ್ಟು ಪಳಗುತ್ತಿದ್ದರು. ಆದರೆ ಆ ಪಾಂಡಿತ್ಯದ ಬೆಲೆ ಅವರ ಬಾಲ್ಯವಾಗಿತ್ತು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯು ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು, ಕುಟುಂಬದ ಕಸುಬಿನಂಥ ಕೆಲವು ವಿನಾಯಿತಿಗಳ ಹೊರತು, ನಿಷೇಧಿಸಿತು. ಅದು ನ್ಯಾಯವೇ. ಹಳೆಯ ಕೌಶಲ್ಯಕ್ಕಾಗಿ ಕಣ್ಣೀರಿಡುವವರು ಆ ಹುಡುಗನ ಬೆನ್ನಿನ ಬಾಸುಂಡೆಯನ್ನು ಮರೆಯಬಾರದು.

ಸಮಸ್ಯೆ ಇರುವುದು, ಗ್ಯಾರೇಜಿನ ಬಾಗಿಲು ಮುಚ್ಚಿದ ಬಳಿಕ ಶಾಲೆಯ ಬಾಗಿಲು ಅದೇ ವಿದ್ಯೆಗೆ ತೆರೆದುಕೊಳ್ಳಲಿಲ್ಲ ಎಂಬಲ್ಲಿ. 1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಮೂಲ ಶಿಕ್ಷಣದ ಪ್ರಸ್ತಾಪವಿಟ್ಟಾಗ ಅದಕ್ಕೆ ರೂಪ ಕೊಟ್ಟ ಸಮಿತಿಯ ಅಧ್ಯಕ್ಷರು ಡಾ. ಝಾಕಿರ್ ಹುಸೇನ್. ದಿನಕ್ಕೆ 3 ಗಂಟೆ 20 ನಿಮಿಷ ಕಸುಬಿಗೆ ಮೀಸಲಿರಬೇಕು, ಉಳಿದ ಪಾಠಗಳೂ ಅದರ ಸುತ್ತ ಬೆಳೆಯಬೇಕು ಎಂದಿತ್ತು ಅವರ ಯೋಜನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ನಡುವೆ ಬಡಗಿ, ಕುಂಬಾರರ ಬಳಿ ಕಲಿಯಲೆಂದು ಸೂಚಿಸಿದ್ದು ಹತ್ತು ದಿನ! ಹತ್ತು ದಿನದಲ್ಲಿ ಗರಗಸ ನೆಟ್ಟಗೆ ಓಡಿಸಲೂ ಬಾರದು.

ಇನ್ನು ಹೆತ್ತವರು. ಮಲ್ಲೇಶ್ವರದ ತಂದೆಗೆ ಮಗ ಕೋಡಿಂಗ್ ಕಲಿತರೆ ಸಾಕು. ಚಾಮರಾಜಪೇಟೆಯ ಮೆಕ್ಯಾನಿಕ್‌ಗೂ ತನ್ನ ಮಗನ ಉಗುರಿಗೆ ಗ್ರೀಸ್ ಮೆತ್ತುವುದು ಬೇಡ. ಆತನನ್ನು ದೂರುವುದು ಹೇಗೆ? ಕಾರು ಮಾರುವವರನ್ನು 'ಸರ್' ಎನ್ನುವ ನಾವು, ಅದೇ ಕಾರನ್ನು ರಿಪೇರಿ ಮಾಡುವ ನರೆಗೂದಲಿನ ಉಸ್ತಾದರನ್ನು ಏಕವಚನದಲ್ಲಿ ಕರೆಯುತ್ತೇವೆ. ಮಕ್ಕಳು ಇದನ್ನು ನೋಡುತ್ತಲೇ ಬೆಳೆಯುತ್ತಾರೆ. ಸಮುದಾಯದ ಸನ್ಮಾನ ಸಭೆಗಳಲ್ಲೂ ಅಷ್ಟೇ. ರ‍್ಯಾಂಕ್ ಪಡೆದವರಿಗೆ ಶಾಲು ಹೊದಿಸುತ್ತೇವೆ, ಐಟಿಐ ಮುಗಿಸಿದವನನ್ನು ವೇದಿಕೆಗೆ ಕರೆದ ನೆನಪು ನಮಗಂತೂ ಇಲ್ಲ.

ಉಸ್ತಾದರ ಕಿವಿಯೊಂದೇ ಈಗ ಸಾಲದು ಎಂಬುದೂ ನಿಜ. 2020ರಲ್ಲಿ ಬಿಎಸ್-6 ಬಂದ ಮೇಲೆ ವಾಹನಗಳಲ್ಲಿ ಸೆನ್ಸರುಗಳು ಹೆಚ್ಚಿವೆ, ಬ್ಯಾಟರಿ ವಾಹನಗಳು ರಸ್ತೆಗಿಳಿದಿವೆ. ಹಳೆಯ ಕೈ ಮತ್ತು ಹೊಸ ಪಾಠ ಎರಡೂ ಒಂದೇ ಕೊಠಡಿಯಲ್ಲಿ ಸೇರಬೇಕಾಗಿದೆ. ಇದಕ್ಕೆ ಸರಕಾರದ ಆದೇಶವನ್ನೇ ಕಾಯಬೇಕೆಂದಿಲ್ಲ. ನಮ್ಮ ಶಾಲಾ ಆಡಳಿತ ಮಂಡಳಿಗಳು ಕಂಪ್ಯೂಟರ್ ಲ್ಯಾಬಿನ ಪಕ್ಕದಲ್ಲೊಂದು ವರ್ಕ್‌ಶಾಪ್ ತೆರೆಯಲಿ. ವಾರಕ್ಕೆರಡು ಮಧ್ಯಾಹ್ನ ಜೆ.ಸಿ. ರಸ್ತೆಯ ಉಸ್ತಾದರೊಬ್ಬರನ್ನು ಬರಮಾಡಿಕೊಳ್ಳಲಿ. ಗೌರವಧನವಲ್ಲ, ಶಿಕ್ಷಕರಿಗೆ ಕೊಡುವಂತೆ ಸಂಬಳ ಕೊಡಲಿ. ಮಕ್ಕಳು ಅವರನ್ನೂ 'ಸರ್' ಎನ್ನಲಿ.