ಹಿಮಾದೊಳಗೆ ಯಾರಿಗೆ ಪ್ರವೇಶ?

ಕುಮಟಾದ ಕಡೆ ಮೀನು ಪೇಟೆಯಲ್ಲಿ ಬಳಚಿನ ರಾಶಿ ಮುಂದಿಟ್ಟುಕೊಂಡು ಕೂತ ಹೆಂಗಸರನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಮಂಗಳೂರಿನವರು ಇದನ್ನು ಮರುವಾಯಿ ಎನ್ನುತ್ತಾರೆ. (ಭಟ್ಕಳದ ಶಾಫಿಈ ಮನೆಗಳಲ್ಲಿ ಇದರ ಸಾರು ಮಾಡುತ್ತಾರೆ, ಹನಫಿಗಳು ತಿನ್ನುವುದಿಲ್ಲ. ಆ ಚರ್ಚೆ ಇಲ್ಲಿ ಬೇಡ.) ಇಳಿತದ ಹೊತ್ತಿನಲ್ಲಿ ಅಘನಾಶಿನಿ ಅಳಿವೆಯ ಕೆಸರಿಗಿಳಿದು, ಬೆನ್ನು ಬಗ್ಗಿಸಿ, ಕೈಯಿಂದ ಹೆಕ್ಕಿದ ಬಳಚು ಅದು. ಈ ದುಡಿಮೆಗೆ ಬಂಡವಾಳ ಬೇಡ, ದೋಣಿ ಇಲ್ಲದಿದ್ದರೂ ನಡೆಯುತ್ತದೆ. ಎಷ್ಟೋ ಮನೆಗಳ ಒಲೆ ಉರಿಯುವುದು ಇದರಿಂದಲೇ.

2024ರ ಜನವರಿಯಲ್ಲಿ ಈ ಅಳಿವೆಯ 4801 ಹೆಕ್ಟೇರ್ ಪ್ರದೇಶ ರಾಮ್‌ಸಾರ್ ಪಟ್ಟಿಗೆ ಸೇರಿತು. ಜೌಗು ನೆಲಗಳನ್ನು ಉಳಿಸಲು 1971ರಲ್ಲಿ ಇರಾನಿನ ರಾಮ್‌ಸಾರ್ ಪಟ್ಟಣದಲ್ಲಿ ಆದ ಒಪ್ಪಂದ ಅದು. ಜನರನ್ನು ಓಡಿಸಿ ಬೇಲಿ ಹಾಕಬೇಕೆಂದು ಅದು ಹೇಳುವುದಿಲ್ಲ, ವಿವೇಕದಿಂದ ಬಳಸಿ ಕಾಪಾಡಿ ಎನ್ನುತ್ತದೆ.

ಪಟ್ಟಿಗೆ ಸೇರಿಸುವುದು ಸುಲಭ, ಕಾಯುವುದು ಕಷ್ಟ. ಪಕ್ಕದ ಹೊನ್ನಾವರದಲ್ಲಿ ಶರಾವತಿಯ ಅಳಿವೆಯನ್ನು ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಾಯಿತು, ಬಳಿಕ ಗೇರುಸೊಪ್ಪೆಯಲ್ಲೂ ಒಂದಾಯಿತು. ವಿದ್ಯುತ್ ತೆಗೆದ ನೀರು ಬೇಸಿಗೆಯಲ್ಲೂ ಕೆಳಗೆ ಹರಿದು ಬರುತ್ತದೆ. ಸಿಹಿನೀರು ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಎಂದು ನಮಗೆ ಅನಿಸಬಹುದು. ಆದರೆ ಬಳಚಿಗೆ ಬೇಕಾದದ್ದು ಸಿಹಿ ಮತ್ತು ಉಪ್ಪು ಹದವಾಗಿ ಬೆರೆತ ನೀರು. ಉಪ್ಪು ತಗ್ಗಿದ್ದರಿಂದ ಅಲ್ಲಿ ಬಳಚು ಬಹುಮಟ್ಟಿಗೆ ನಾಶವಾಯಿತು. ಅಘನಾಶಿನಿಗೆ ಅಣೆಕಟ್ಟಿಲ್ಲ, ಅದಕ್ಕೇ ಇಲ್ಲಿ ಉಳಿದಿದೆ. ಈಗ ಈ ನೀರನ್ನೂ ವೇದಾವತಿಗೆ ತಿರುಗಿಸುವ ಮಾತು ನಡೆದಿದೆ.

ಗಜನಿ ಗದ್ದೆಗಳ ಕತೆ ಬೇರೆ. ಮಾಣಿಕಟ್ಟಾದಂತಹ ಊರುಗಳಲ್ಲಿ ಒಡ್ಡು ಕಟ್ಟಿ, ಜಂತ್ರಡಿಯೆಂಬ ಹಲಗೆ ಬಾಗಿಲಿನಿಂದ ಉಬ್ಬರದ ನೀರನ್ನು ತಡೆದು ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳುವ ತಳಿ ಇದು, ಗೊಬ್ಬರ ಕೇಳುವುದಿಲ್ಲ. ಕೊಯ್ಲಾದ ಮೇಲೆ ಬಾಗಿಲು ತೆರೆದರೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಒಬ್ಬನೇ ಬಿತ್ತಿದರೆ ಬೆಳೆಯೆಲ್ಲ ಹಕ್ಕಿಗಳ ಪಾಲು, ಹಾಗಾಗಿ ಊರೇ ಸೇರಿ ಬಿತ್ತಬೇಕು. ಸಿಗಡಿಯ ಬೆಲೆ ಏರಿದಾಗ ಗುತ್ತಿಗೆಯವರು ಬಂದರು, ಗದ್ದೆಯಲ್ಲಿ ಉಪ್ಪುನೀರೇ ನಿಂತಿತು, ಕಗ್ಗ ಮೂಲೆ ಸೇರಿತು. ಮುಂದೆ ಸಿಗಡಿಗೂ ರೋಗ ತಗಲಿತು. ಬಿಟ್ಟ ಬೇಸಾಯವನ್ನು ಮತ್ತೆ ಹಿಡಿಯಲು ಬೀಜವೂ ಬೇಕು, ಒಗ್ಗಟ್ಟೂ ಬೇಕು.

ಕಾದಿಟ್ಟ ನೆಲದ ಕಲ್ಪನೆ ನಮಗೆ ಹೊಸದಲ್ಲ. ಪ್ರವಾದಿ(ಸ)ರು ಮದೀನಾದ ಬಳಿಯ ನಖೀಅ್ ಎಂಬ ಹುಲ್ಲುಗಾವಲನ್ನು ಹಿಮಾ ಎಂದು ಕಾದಿರಿಸಿದ್ದರು. ಖಲೀಫಾ ಉಮರ್(ರ)ರು ಒಂದು ಹಿಮಾದ ಉಸ್ತುವಾರಿಗೆ ಹುನಯ್ ಎಂಬವರನ್ನು ನೇಮಿಸಿದಾಗ ಕೊಟ್ಟ ಸೂಚನೆ ಬುಖಾರಿಯಲ್ಲಿ ದಾಖಲಾಗಿದೆ. ನಾಲ್ಕಾರು ಒಂಟೆ, ಕುರಿ ಇರುವ ಬಡವನನ್ನು ಒಳಗೆ ಬಿಡಬೇಕು, ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮತ್ತು ಉಸ್ಮಾನ್(ರ)ರ ಹಿಂಡುಗಳ ವಿಷಯದಲ್ಲಿ ಎಚ್ಚರವಿರಬೇಕು ಎಂಬುದು ಅದರ ಸಾರ. ಅವರಿಬ್ಬರೂ ದೊಡ್ಡ ಸಹಾಬಿಗಳು. ಆದರೆ ಹಿಂಡು ಸತ್ತರೂ ಅವರಿಗೆ ಹೊಲವಿದೆ, ಖರ್ಜೂರದ ತೋಟವಿದೆ. ಬಡವನ ಹಿಂಡು ಸತ್ತರೆ ಅವನು ಮಕ್ಕಳನ್ನು ಕರೆದುಕೊಂಡು ಖಲೀಫರ ಬಾಗಿಲಿಗೇ ಬರುತ್ತಾನೆ.

ಅಘನಾಶಿನಿಯನ್ನು ಕಾಯುವ ಯೋಜನೆಗೆ ಅಧಿಕಾರಿಗಳು, ವಿಜ್ಞಾನಿಗಳು ಬೇಕೇ ಬೇಕು. ಜೊತೆಗೆ ಜಂತ್ರಡಿ ನೋಡಿಕೊಳ್ಳುವವರಿಗೂ ಬಳಚು ಹೆಕ್ಕುವ ಹೆಂಗಸರಿಗೂ ಅದೇ ಸಭೆಯಲ್ಲಿ ಕುರ್ಚಿ ಹಾಕಿಸಬೇಕು. ಯಾವ ದಿಬ್ಬದಲ್ಲಿ ಮರಿ ಬಳಚಿದೆ, ಯಾವುದನ್ನು ಈ ವರ್ಷ ಮುಟ್ಟಬಾರದು ಎಂಬುದನ್ನು ಅವರನ್ನೇ ಕೇಳಬೇಕು.