ಆಡುವ ಹಕ್ಕನ್ನು ತಕ್ಕಡಿಯಲ್ಲಿಟ್ಟು ತೂಗಬೇಡಿ

2012ರ ಅಮೆರಿಕ ಓಪನ್‌ ಹೊತ್ತಿಗೆ ಟೇಲರ್ ಟೌನ್‌ಸೆಂಡ್ ಜಗತ್ತಿನ ನಂಬರ್ ಒನ್ ಜೂನಿಯರ್ ಆಟಗಾರ್ತಿ. ಷಿಕಾಗೊದ ಹುಡುಗಿ, ಎಡಗೈ ಆಟಗಾರ್ತಿ, ವಯಸ್ಸು 16. ಆ ಜನವರಿಯಲ್ಲಿ ಆಸ್ಟ್ರೇಲಿಯಾ ಓಪನ್ ಜೂನಿಯರ್ ಸಿಂಗಲ್ಸ್, ಡಬಲ್ಸ್ ಎರಡನ್ನೂ ಗೆದ್ದಿದ್ದಳು. ಜುಲೈನಲ್ಲಿ ವಿಂಬಲ್ಡನ್ ಜೂನಿಯರ್ ಡಬಲ್ಸ್ ಕೂಡ ಕೈಸೇರಿತ್ತು. ಇಂಥ ಹುಡುಗಿ ತನ್ನ ದೇಶದಲ್ಲೇ ನಡೆಯುವ ಗ್ರ್ಯಾನ್ ಸ್ಲಾಮ್‌ಗೆ ಅಮ್ಮನ ದುಡ್ಡಿನಲ್ಲಿ ಹೋಗಬೇಕಾಯಿತು. ಆಕೆಗೆ ತರಬೇತಿ ಕೊಡುತ್ತಿದ್ದ ಅಮೆರಿಕ ಟೆನಿಸ್ ಸಂಸ್ಥೆ, ದೇಹ ಹದಕ್ಕೆ ಬರುವವರೆಗೆ ಟೂರ್ನಿ ಆಡಬೇಡ ಎಂದು ಹೇಳಿ ಖರ್ಚು ಕೊಡಲು ನಿರಾಕರಿಸಿತ್ತು.

ಸುದ್ದಿ ಹೊರಬಿದ್ದು ಗದ್ದಲವಾದ ಮೇಲೆ, ಸಂಸ್ಥೆಯ ಆಟಗಾರರ ಅಭಿವೃದ್ಧಿ ವಿಭಾಗದ ಮುಖ್ಯಸ್ಥರಾಗಿದ್ದ ಪ್ಯಾಟ್ರಿಕ್ ಮೆಕೆನ್ರೊ ಇದು ಸಂವಹನದಲ್ಲಿ ಆದ ಎಡವಟ್ಟು ಎಂದರು. ತಮಗಿದ್ದದ್ದು ಹುಡುಗಿಯ ದೀರ್ಘಕಾಲದ ಆರೋಗ್ಯದ ಕಾಳಜಿ ಎಂದರು. ಖರ್ಚು ಮರಳಿಸುವ ಮಾತೂ ಬಂತು. ಅವರ ಕಾಳಜಿ ಸುಳ್ಳು ಎಂದು ನಾನು ಹೇಳುವುದಿಲ್ಲ. ಹದಿಹರೆಯದ ಆಟಗಾರ್ತಿಯ ಮೊಣಕಾಲು, ಉಸಿರು, ದಮ್ಮು ಇವೆಲ್ಲ ತರಬೇತುದಾರರು ನೋಡಲೇಬೇಕಾದ ಸಂಗತಿಗಳು. ಆ ಬೇಸಿಗೆಯಲ್ಲಿ ಆಕೆಯ ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಇತ್ತು ಎಂಬುದೂ ವರದಿಯಾಗಿತ್ತು. ಹಾಗಿದ್ದರೆ ವೈದ್ಯರು ನೋಡಲಿ, ಊಟದ ಕ್ರಮ ಹೇಳಲಿ, ಇಂತಿಷ್ಟು ದಿನ ವಿಶ್ರಾಂತಿ ಎಂದು ಬರೆದುಕೊಡಲಿ. ಅದು ಚಿಕಿತ್ಸೆ. ಖರ್ಚಿನ ಹಣ ತಡೆಹಿಡಿದು ಆಟ ಬಿಡಿಸುವುದಕ್ಕೆ ಶಿಕ್ಷೆ ಎಂದೇ ಹೆಸರು.

ಒಂದು ವ್ಯತ್ಯಾಸವನ್ನು ಇಲ್ಲಿ ಸ್ಪಷ್ಟವಾಗಿ ಗುರುತಿಸಬೇಕು. ಹಿರಿಯರ ವಿಭಾಗದ ವೈಲ್ಡ್ ಕಾರ್ಡ್ ಆಕೆಗೆ ಸಿಗಲಿಲ್ಲ. ಅದರ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ವೈಲ್ಡ್ ಕಾರ್ಡ್ ಎಂಬುದು ಸಂಘಟಕರ ವಿವೇಚನೆಗೆ ಬಿಟ್ಟದ್ದು. ಆದರೆ ಜೂನಿಯರ್ ವಿಭಾಗದ ಸ್ಥಾನ ಯಾರ ಕೃಪೆಯೂ ಅಲ್ಲ. ಪಂದ್ಯ ಗೆದ್ದು, ಅಂಕ ಕೂಡಿಸಿ, ರ‍್ಯಾಂಕಿಂಗ್‌ನ ತುದಿಗೆ ಏರಿ ಆಕೆ ಸಂಪಾದಿಸಿದ್ದು. ಸಂಪಾದಿಸಿದ್ದನ್ನು ಬಿಟ್ಟುಕೊಡು ಎಂದು ಕೇಳುವ ಅಧಿಕಾರ ಕೈಯಲ್ಲಿ ಹಣವಿದೆ ಎಂಬ ಕಾರಣಕ್ಕೆ ಬರುವುದಿಲ್ಲ.

ಮಕ್ಕಳ ಆರೋಗ್ಯಕ್ಕಾಗಿ ಆಟಕ್ಕೆ ಮಿತಿ ಹಾಕುವುದು ಹೇಗೆಂದು ಟೆನಿಸ್‌ಗೆ ಗೊತ್ತಿಲ್ಲದೆ ಇರಲಿಲ್ಲ. ಜೆನಿಫರ್ ಕ್ಯಾಪ್ರಿಯಾಟಿ 1990ರಲ್ಲಿ, 14 ತುಂಬುವ ಮೊದಲೇ, ವೃತ್ತಿಪರ ಆಟಕ್ಕೆ ಇಳಿದರು. ಕೆಲವೇ ವರ್ಷಗಳಲ್ಲಿ ಬಳಲಿ ಆಟದಿಂದ ದೂರವಾದರು. ಅದರ ಬೆನ್ನಲ್ಲೇ ಮಹಿಳಾ ಟೆನಿಸ್‌ನಲ್ಲಿ ವಯಸ್ಸಿನ ಮಿತಿ ಬಿಗಿಯಾಯಿತು. ಯಾವ ವಯಸ್ಸಿನವರು ವರ್ಷಕ್ಕೆ ಎಷ್ಟು ವೃತ್ತಿಪರ ಟೂರ್ನಿ ಆಡಬಹುದು ಎಂಬ ಲೆಕ್ಕ ಬಂತು. ಆ ನಿಯಮವನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ಅದು ಮೊದಲೇ ಬರೆದಿಟ್ಟ ನಿಯಮ, ಎಲ್ಲ ಹುಡುಗಿಯರಿಗೂ ಒಂದೇ. ಟೌನ್‌ಸೆಂಡ್ ವಿಷಯದಲ್ಲಿ ನಡೆದದ್ದು ಒಬ್ಬಳೇ ಹುಡುಗಿಯ ಮೈಕಟ್ಟು ನೋಡಿ ಕೆಲವರು ಕೈಗೊಂಡ ತೀರ್ಮಾನ. ಎಷ್ಟು ಫಿಟ್ ಆದರೆ ಸಾಕು, ಅಳೆಯುವವರು ಯಾರು, ಒಪ್ಪದಿದ್ದರೆ ಯಾರನ್ನು ಕೇಳಬೇಕು? ಇದಕ್ಕೆಲ್ಲ 16ರ ಹುಡುಗಿಗೆ ಉತ್ತರ ಕೊಡುವವರು ಬೇಕಿತ್ತು.

ಟೆನಿಸ್‌ನ ಹಿರಿಯರು ಸಿಟ್ಟಾದದ್ದು ಸುಮ್ಮನೆ ಅಲ್ಲ. ಲಿಂಡ್ಸೆ ಡ್ಯಾವೆನ್‌ಪೋರ್ಟ್ ಆ ವಯಸ್ಸಿನಲ್ಲಿ ತಾವೂ ದಪ್ಪಗಿದ್ದುದನ್ನು ನೆನಪಿಸಿದರು. ಅವರು 1998ರಲ್ಲಿ ಅಮೆರಿಕ ಓಪನ್ ಗೆದ್ದವರು. ಮಾರ್ಟಿನಾ ನವ್ರಾಟಿಲೋವಾ ಕೂಡ ಚಿಕ್ಕ ವಯಸ್ಸಿನಲ್ಲಿ ತೂಕದ ಬಗ್ಗೆ ಮಾತು ಕೇಳಿದವರೇ. ಆಮೇಲೆ ಗೆದ್ದ ಗ್ರ್ಯಾನ್ ಸ್ಲಾಮ್ ಸಿಂಗಲ್ಸ್ ಪ್ರಶಸ್ತಿಗಳು 18. ಸೆರೆನಾ ವಿಲಿಯಮ್ಸ್, ಅಮೆರಿಕದಲ್ಲಿ ಕಪ್ಪು ಹುಡುಗಿಯೊಬ್ಬಳಿಗೆ ಇದು ಎಷ್ಟು ಅನಗತ್ಯ ನೋವು ಎಂದು ನೇರವಾಗಿ ಹೇಳಿದರು. ಅದಕ್ಕೂ ಮೂರು ವರ್ಷ ಮೊದಲು, 2009ರಲ್ಲೇ, ಮೋನಿಕಾ ಸೆಲೆಸ್ ತೂಕ ಮತ್ತು ಊಟದೊಡನೆ ತಾವು ನಡೆಸಿದ ಗುದ್ದಾಟವನ್ನು ಪುಸ್ತಕವಾಗಿ ಬರೆದಿದ್ದರು. ತೂಕದ ಮಾತು ಆಟಗಾರ್ತಿಯ ಮನಸ್ಸನ್ನು ಎಷ್ಟು ಆಳಕ್ಕೆ ಚುಚ್ಚಬಲ್ಲದು ಎಂಬುದು ಸಂಸ್ಥೆಗೆ ತಿಳಿದಿರಬೇಕಿತ್ತು.

ಆಮೇಲಿನ ಕತೆಯನ್ನು ಹಲವರು ಉತ್ಸಾಹದಿಂದ ಹೇಳುತ್ತಾರೆ. 2012ರ ಆ ಅಮೆರಿಕ ಓಪನ್ ಜೂನಿಯರ್ ವಿಭಾಗದಲ್ಲೇ ಆಕೆ ಸಿಂಗಲ್ಸ್ ಕ್ವಾರ್ಟರ್‌ಫೈನಲ್ ತಲುಪಿ ಡಬಲ್ಸ್ ಗೆದ್ದಳು. ಸಂಸ್ಥೆಯ ತರಬೇತಿ ಬಿಟ್ಟು ಮಾಜಿ ಆಟಗಾರ್ತಿ ಜೀನಾ ಗ್ಯಾರಿಸನ್ ಬಳಿ ಕಲಿತು 2013ರ ವಿಂಬಲ್ಡನ್ ಜೂನಿಯರ್ ಫೈನಲ್ ಆಡಿದಳು. 2014ರ ಫ್ರೆಂಚ್ ಓಪನ್‌ನಲ್ಲಿ ಮೂರನೇ ಸುತ್ತು ಮುಟ್ಟಿದಳು. 2019ರ ಅಮೆರಿಕ ಓಪನ್‌ನಲ್ಲಿ ಆಗಿನ ವಿಂಬಲ್ಡನ್ ಚಾಂಪಿಯನ್ ಸಿಮೋನಾ ಹಾಲೆಪ್ ಅವರನ್ನು, ನೂರಕ್ಕೂ ಹೆಚ್ಚು ಬಾರಿ ನೆಟ್‌ಗೆ ನುಗ್ಗಿ ಸೋಲಿಸಿದರು. ತಾಯಿಯಾದ ಮೇಲೆ ಮರಳಿ ಬಂದು ಕ್ಯಾಟರಿನಾ ಸಿನಿಯಾಕೋವಾ ಜೊತೆ 2024ರ ವಿಂಬಲ್ಡನ್, 2025ರ ಆಸ್ಟ್ರೇಲಿಯಾ ಓಪನ್ ಡಬಲ್ಸ್ ಗೆದ್ದರು. 2025ರ ಜುಲೈನಲ್ಲಿ ಡಬಲ್ಸ್‌ನಲ್ಲಿ ಜಗತ್ತಿಗೇ ಮೊದಲಿಗರಾದರು. ನೋಡಿ, ಸಂಸ್ಥೆ ಹೇಳಿದ್ದು ತಪ್ಪು ಎಂದು ಸಾಬೀತಾಯಿತು ಎನ್ನುತ್ತಾರೆ.

ಈ ವಾದವನ್ನು ನಾನು ಒಪ್ಪುವುದಿಲ್ಲ. ಆಕೆ ಗೆದ್ದದ್ದರಿಂದ ಸಂಸ್ಥೆ ತಪ್ಪಾಯಿತು ಎಂದರೆ, ಸೋತಿದ್ದರೆ ಅದು ಸರಿಯಾಗುತ್ತಿತ್ತು ಎಂದಂತಾಗುತ್ತದೆ. 2012ರ ನಂತರ ಆಕೆ ಒಂದೇ ಒಂದು ಪಂದ್ಯ ಗೆಲ್ಲದಿದ್ದರೂ ಆ ಹುಡುಗಿಗೆ ಆದ ಅನ್ಯಾಯ ಅನ್ಯಾಯವೇ. ಜೂನಿಯರ್ ಆಟದ ಬೆಲೆ ಮುಂದೆ ಬರುವ ಕಪ್‌ಗಳಲ್ಲಷ್ಟೇ ಇಲ್ಲ. ಅಲ್ಲಿ ಆಡುವ ಬಹುಪಾಲು ಮಕ್ಕಳು ದೊಡ್ಡ ಹೆಸರು ಮಾಡುವುದೇ ಇಲ್ಲ. ಅವರ ಪಾಲಿಗೆ ಆ ವರ್ಷಗಳ ಪಂದ್ಯಗಳೇ ಇಡೀ ಟೆನಿಸ್ ಬದುಕು. ಅಂಥವರಿಗೆ ಚಾಂಪಿಯನ್ ಆಗಿ ಉತ್ತರ ಕೊಡುವ ಅವಕಾಶವೂ ಇರುವುದಿಲ್ಲ.

ಟೌನ್‌ಸೆಂಡ್ ಪರ ಮಾತನಾಡಲು ಮಾಜಿ ಚಾಂಪಿಯನ್ನರಿದ್ದರು, ಪತ್ರಿಕೆಗಳಿದ್ದವು, ಕೈಯಿಂದ ದುಡ್ಡು ಹಾಕುವ ತಾಯಿ ಇದ್ದರು. ಇವರ‍್ಯಾರೂ ಇಲ್ಲದ ಆಟಗಾರ್ತಿಗಾಗಿ ನಿಯಮ ಬೇಕು. ವೈದ್ಯರ ಲಿಖಿತ ಸಲಹೆ ಇಲ್ಲದೆ, ಮೈಕಟ್ಟಿನ ನೆಪದಲ್ಲಿ, ಯಾವ ಕ್ರೀಡಾ ಸಂಸ್ಥೆಯೂ ಕಿರಿಯ ಆಟಗಾರರ ಟೂರ್ನಿಯನ್ನಾಗಲಿ ಅದರ ಖರ್ಚನ್ನಾಗಲಿ ತಡೆಯಬಾರದು ಎಂದು ಬರೆದಿಡಬೇಕು. ನಿಮ್ಮ ಮಗಳು ಅಕಾಡೆಮಿಗೆ ಹೋಗುವುದಿದ್ದರೆ, ಸೇರಿಸುವ ದಿನವೇ ಇಂಥ ನಿಯಮ ಇದೆಯೇ ಎಂದು ತರಬೇತುದಾರರನ್ನು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.