ಹೆರಿಗೆ ಆಸ್ಪತ್ರೆಯಲ್ಲಾಯಿತು, ಮುಂದೆ?

ರಾಜ್ಯದಲ್ಲಿ ಆಸ್ಪತ್ರೆ ಹೆರಿಗೆಗಳ ಪ್ರಮಾಣ 2005–06ರಲ್ಲಿ ಶೇ 65ರ ಆಸುಪಾಸಿನಲ್ಲಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ ಅದು ಶೇ 97ಕ್ಕೆ ಏರಿತು. ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರು, ‘ಮಡಿಲು’ ಕಿಟ್, 2008ರಲ್ಲಿ ಬಂದ 108 ಆಂಬುಲೆನ್ಸ್ ಸೇವೆ ಎಲ್ಲವುಗಳ ಪಾಲೂ ಇದರಲ್ಲಿದೆ. ಲಕ್ಷ ಜೀವಂತ ಜನನಗಳಿಗೆ 213ರಷ್ಟಿದ್ದ (2004–06) ತಾಯಂದಿರ ಮರಣ 2018–20ರಲ್ಲಿ 69ಕ್ಕೆ ಇಳಿದದ್ದು ಸಣ್ಣ ಸಾಧನೆಯಲ್ಲ.

ಆದರೆ ಅದೇ ಅವಧಿಯಲ್ಲಿ ತಮಿಳುನಾಡಿನಲ್ಲಿ ಈ ಸಂಖ್ಯೆ 54, ಆಂಧ್ರದಲ್ಲಿ 45, ಕೇರಳದಲ್ಲಿ 19. ಹೆಚ್ಚುಕಡಿಮೆ ಎಲ್ಲರೂ ಆಸ್ಪತ್ರೆಗೆ ಬಂದ ಮೇಲೂ ನಾವು ನೆರೆಯವರಿಗಿಂತ ಹಿಂದುಳಿದದ್ದೇಕೆ? ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಬೇಡಿಕೆಯನ್ನು ಪ್ರೋತ್ಸಾಹಧನದಿಂದ ಬೆಳೆಸಿದೆವು. ಪೂರೈಕೆ ಅದರ ಹಿಂದೆ ಏದುಸಿರು ಬಿಡುತ್ತಾ ಬರುತ್ತಿದೆ.

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯಂತಹ ಹೋಬಳಿಯ ಗರ್ಭಿಣಿಯ ದೃಷ್ಟಿಯಿಂದ ನೋಡಿ. ಸಹಜ ಹೆರಿಗೆಯಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯೇ ಸಾಕು. ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದಿದ್ದರೆ? ಆರೋಗ್ಯವಂತೆಯನ್ನೂ ಅದು ಎರಡು ಗಂಟೆಗಳಲ್ಲಿ ಬಲಿ ತೆಗೆದುಕೊಳ್ಳಬಲ್ಲದು. ರಾಜ್ಯದ ಗರ್ಭಿಣಿಯರಲ್ಲಿ ಸುಮಾರು ಶೇ 45ರಷ್ಟು ಮಂದಿ ರಕ್ತಹೀನತೆಯುಳ್ಳವರು. ಅವರ ಕಾಲಾವಕಾಶ ಇನ್ನೂ ಕಿರಿದು. ತಾಲ್ಲೂಕು ಆಸ್ಪತ್ರೆಯಲ್ಲಿ ಆ ರಾತ್ರಿ ಪ್ರಸೂತಿ ತಜ್ಞರಿದ್ದು ಅರಿವಳಿಕೆ ತಜ್ಞರಿಲ್ಲದಿದ್ದರೆ, ಅಥವಾ ಇಬ್ಬರೂ ಇದ್ದು ರಕ್ತವಿಲ್ಲದಿದ್ದರೆ, ಆಂಬುಲೆನ್ಸ್ ಚಿಕ್ಕಬಳ್ಳಾಪುರಕ್ಕೋ ಬೆಂಗಳೂರಿಗೋ ಹೊರಡುತ್ತದೆ. ಹುಟ್ಟಿದ ನಿಮಿಷದಲ್ಲಿ ಉಸಿರಾಡದ ಶಿಶುವಿಗಂತೂ ಆ ಪ್ರಯಾಣದ ಅವಕಾಶವೂ ಇಲ್ಲ. ಅದನ್ನು ಉಳಿಸಬೇಕಾದುದು ಹೆರಿಗೆ ಕೋಣೆಯಲ್ಲಿರುವ ದಾದಿಯ ತರಬೇತಿ.

ಎಲ್ಲ ಪರಿಹಾರಗಳೂ ದುಬಾರಿಯಲ್ಲ. ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಗಮನಾರ್ಹ. ಸೋರಿದ ರಕ್ತವನ್ನು ಕಣ್ಣಂದಾಜಿಗೆ ಬಿಡದೆ, ಅಳತೆಗೆರೆಗಳಿರುವ ಪ್ಲಾಸ್ಟಿಕ್ ಹಾಳೆಯಲ್ಲಿ ಅಳೆದು, ಮಿತಿ ಮೀರಿದೊಡನೆ ಎಲ್ಲ ಚಿಕಿತ್ಸೆಗಳನ್ನೂ ಒಟ್ಟಿಗೆ ಆರಂಭಿಸಿದಾಗ ತೀವ್ರ ರಕ್ತಸ್ರಾವ ಮತ್ತು ಅದರ ದುಷ್ಪರಿಣಾಮಗಳು ಶೇ 60ರಷ್ಟು ಕಡಿಮೆಯಾದವು.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಬಳಿಕ ಬಾಣಂತಿಯರು ಸಾಲಾಗಿ ಮೃತಪಟ್ಟಾಗ ಚರ್ಚೆಯೆಲ್ಲ ಐ.ವಿ. ದ್ರಾವಣದ ಗುಣಮಟ್ಟದ ಸುತ್ತ ಸುತ್ತಿತು. ಅದು ಅಗತ್ಯವೇ ಆಗಿತ್ತು. ಆದರೆ ಒಬ್ಬೊಬ್ಬರಾಗಿ, ಬೇರೆ ಬೇರೆ ತಾಲ್ಲೂಕುಗಳಲ್ಲಿ, ದಾರಿಯಲ್ಲಿ ಸಾಯುವವರು ಸುದ್ದಿಯಾಗುವುದಿಲ್ಲ.

ಪರಿಶೀಲನಾ ಸಭೆಗಳಲ್ಲಿ ವರ್ಷಗಟ್ಟಲೆ ಕುಳಿತವನಾಗಿ ಹೇಳುತ್ತೇನೆ: ಎಣಿಸಲು ಸುಲಭವಾದುದೇ ಅಲ್ಲಿ ಗುರಿಯಾಗಿಬಿಡುತ್ತದೆ. ಆಸ್ಪತ್ರೆ ಹೆರಿಗೆಗಳ ಶೇಕಡಾವಾರು ಲೆಕ್ಕ ಈಗ ಹೊಸದೇನನ್ನೂ ತಿಳಿಸದು. ಕಳೆದ ತಿಂಗಳು ಎಷ್ಟು ರಾತ್ರಿ ಅರಿವಳಿಕೆ ತಜ್ಞರಿದ್ದರು, ರಕ್ತ ಸಂಗ್ರಹ ಘಟಕದಲ್ಲಿ ಎಷ್ಟು ಯೂನಿಟ್ ಇತ್ತು, ಎಷ್ಟು ತಾಯಂದಿರನ್ನು ಏಕೆ ಬೇರೆಡೆಗೆ ಕಳುಹಿಸಲಾಯಿತು? ಜಿಲ್ಲಾಡಳಿತ ಈ ಮೂರು ಲೆಕ್ಕಗಳನ್ನು ತಾಲ್ಲೂಕುವಾರು ಪ್ರತಿ ತಿಂಗಳೂ ಪ್ರಕಟಿಸಲಿ.